ದೊಡ್ಡವರ ಪಾಠಕ್ಕೆ ರಾತ್ರಿ ಬಿಟ್ಟರೆ ಹೊತ್ತಿಲ್ಲ

ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇವೆ.

ಡಿಪ್ಲೊಮಾ ಮುಗಿಸಿ ಸುದ್ದಿ ಕಳಿಸೋ ಕೆಲಸಕ್ಕೆ ಇಳಿದ ಹೊಸತು. ಸ್ಟ್ರಿಂಗರ್ ಅಂದರೆ ನಿಮಗೆ ಗೊತ್ತೇ ಇದೆ, ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಅಷ್ಟೋ ಇಷ್ಟೋ. ಥಂಡಿ ದಿನ. ಒಂದು ರಾತ್ರಿ ಕುಂಚಾವರಂ ಕಡೆಯಿಂದ ಫೋನ್ ಬಂತು. "ಇಲ್ಲಿ ಒಂದ್ ಮನ್ಯಾಗ ಹದಿನೈದಿಪ್ಪತ್ತು ಮಂದಿ ಕೂಡ್ಯಾರ್ರಿ. ಬಾಗ್ಲಾ ಹಾಕ್ಕೊಂಡಾರ. ಬೈಬಲ್ ಓದ್ಲಿಕತ್ತಾರ. ಏನೋ ನಡದದ ನೋಡ್ರಿ."

ನಾವಿದ್ದದ್ದು ಚಿಂಚೋಳಿಯಲ್ಲಿ. ಕುಂಚಾವರಂ ದಾರಿ ಅಂದರೆ ಕಾಡು, ರಾತ್ರಿ ಬೈಕಲ್ಲಿ ಹೋಗೋ ಧೈರ್ಯ ಆಗಲಿಲ್ಲ. ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿದೆವು, ಅವರೂ "ಹೌದಂತ್ರೀ" ಅಂದರು. ನಾಲ್ಕು ಸಾಲು ಬರೆದು ಕಳಿಸಿದೆವು. ಅಚ್ಚಾಯಿತು. ತಲೆಬರಹದಲ್ಲಿ 'ಗುಪ್ತ ಸಭೆ' ಅಂತಿತ್ತು. ಆ ಪದ ನಾವು ಬರೆದದ್ದಲ್ಲ. ಆದರೆ ಅದನ್ನು ತುರುಕೋಕೆ ಬೇಕಾದಷ್ಟು ಜಾಗ ನಾವೇ ಬಿಟ್ಟಿದ್ದೆವು.

ಒಂದು ತಿಂಗಳಾದ ಮೇಲೆ ಉದ್ಯೋಗ ಖಾತ್ರಿ ಕೂಲಿ ಬಾಕಿ ಸುದ್ದಿಗೆ ಅದೇ ಊರಿಗೆ ಹೋದೆವು. ಒಬ್ಬ ಅವ್ವ ಕೂಲಿ ಬಗ್ಗೆ ಎಲ್ಲ ಹೇಳಿ, ಚಹಾ ಕೊಟ್ಟು, ಆಮೇಲೆ ಮೆಲ್ಲಗೆ ಕೇಳಿದಳು. "ಪೇಪರ್‌ದಾಗ ಬರದೋರು ನೀವೇ ಏನ್ ತಮ್ಮಾ?" ನಾವು ಹೂಂ ಅಂದೆವು. "ಬಾಗ್ಲಾ ಹಾಕಿದ್ದು ಥಂಡಿಗಿ. ಬಡದಿದ್ರ ತೆಗೀತಿದ್ವಿ."

ಅಷ್ಟೇ ಅಂದದ್ದು. ಬೈದಿದ್ದರೆ ಮರೆತುಬಿಡುತ್ತಿದ್ದೆವೇನೋ.

ಆ ಮನೆಯವರು ಎರಡು ತಲೆಮಾರಿನಿಂದ ಕ್ಯಾಥೊಲಿಕರು. ಅಲ್ಲಿ ಯಾರೂ ಹೊಸದಾಗಿ ಮತ ಬದಲಿಸುತ್ತಿರಲಿಲ್ಲ. ಇದ್ದ ಧರ್ಮವನ್ನೇ ತಿಳಕೊಳ್ಳೋಕೆ ಕೂತಿದ್ದರು. ಅವತ್ತು ಏನು ಓದುತ್ತಿದ್ದಿರಿ ಅಂತ ಕೇಳಿದೆವು. ತಡವಾಗಿ ಕೇಳಿದ ಪ್ರಶ್ನೆ, ಆದರೂ ಉತ್ತರ ಕೊಟ್ಟರು.

ಓದಿದ್ದಕ್ಕಿಂತ ಜಗಳ ಆಡಿದ್ದೇ ಜಾಸ್ತಿಯಂತೆ. ಜಗಳ ಒಂದು ಶಬ್ದದ ಮೇಲೆ.

ಕುಂಚಾವರಂ ಸೀಮೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕರ್ನಾಟಕದ ಅಂಚು, ಆ ಕಡೆ ತೆಲಂಗಾಣ. 1956ರ ನವೆಂಬರ್ ತನಕ ಎಲ್ಲ ಒಂದೇ ಹೈದರಾಬಾದ್ ರಾಜ್ಯ. ಮನೆಯಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ, ತಾಂಡಾಕ್ಕೆ ಹೋದರೆ ಲಂಬಾಣಿಗರ ಗೋರ್ ಬೋಲಿ, ಸಂತೆಯಲ್ಲಿ ಒಂದಿಷ್ಟು ಉರ್ದು. ಆ ಮನೆಯ ಅಜ್ಜಿ ಯೇಸು ಕಲಿಸಿದ ಪ್ರಾರ್ಥನೆಯನ್ನು ತೆಲುಗಿನಲ್ಲಿ ಹೇಳುತ್ತಾಳೆ. ಹಾಸ್ಟೆಲ್‌ನಲ್ಲಿ ಓದಿದ ಮೊಮ್ಮಗಳು ಅದನ್ನೇ ಕನ್ನಡದಲ್ಲಿ ಹೇಳುತ್ತಾಳೆ. ಕ್ಷಮೆ ಕೇಳುವ ಜಾಗ ಬಂದಾಗ ಅಜ್ಜಿಯ ಬಾಯಲ್ಲಿ 'ಅಪ್ಪು', ಮೊಮ್ಮಗಳ ಬಾಯಲ್ಲಿ 'ತಪ್ಪು'. ತೆಲುಗಿನಲ್ಲಿ ಅಪ್ಪು ಅಂದರೆ ಸಾಲ.

ಮೊಮ್ಮಗಳು ಅಜ್ಜಿಯದು ತಪ್ಪು ಅಂದಳು, ನಾಲಿಗೆ ತೊದಲಿ ಹಂಗಾಗ್ಯಾದ ಅಂತ. ಅಜ್ಜಿ ಒಪ್ಪಲಿಲ್ಲ. "ಐವತ್ತು ವರ್ಷದಿಂದ ಸಾಲಾ ಮಾಫ್ ಮಾಡು ಅಂತ ಕೇಳೀನಿ. ಈಗ ಸಾಲಾ ಅಲ್ಲ ಅಂದ್ರ ಹ್ಯಾಂಗ?" ಕೂತಿದ್ದ ಗಂಡಸರು ನಕ್ಕರಂತೆ. ಆಮೇಲೆ ಒಬ್ಬ ಕೇಳಿದ, ಖರೇನೇ ಸಾಲಾ ಅಂತಿದ್ರ ಅದು ಯಾರ ಸಾಲಾ, ದೇವರದೋ ಸಾಹುಕಾರಂದೋ?

ಆ ದಿನ ಅಲ್ಲಿ ಇದಕ್ಕೆ ಉತ್ತರ ಗೊತ್ತಿದ್ದವರು ಇರಲಿಲ್ಲ. ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆವು. ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಈ ಪ್ರಾರ್ಥನೆ ಅದರಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯ ಬರೆದದ್ದರಲ್ಲಿ ಇರೋದು ಸಾಲ ಅನ್ನುವ ಶಬ್ದ. ಲೂಕ ಬರೆದದ್ದರಲ್ಲಿ ಪಾಪ ಅಂತಿದೆ, ಆದರೆ ಅದೇ ಸಾಲಿನ ಮುಂದಿನ ಭಾಗದಲ್ಲಿ ನಮಗೆ ಸಾಲ ಕೊಡಬೇಕಾದವರ ಮಾತು ಬರುತ್ತದೆ. ಅಂದರೆ ಅಜ್ಜಿಯೂ ಸರಿ, ಮೊಮ್ಮಗಳೂ ಸರಿ. ಯೆಹೂದ್ಯರ ಹಳೆಯ ಕಟ್ಟಳೆಯಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕು, ಐವತ್ತನೇ ವರ್ಷ ಮಾರಿದ ಹೊಲ ಮೂಲದವರಿಗೆ ವಾಪಸ್ ಹೋಗಬೇಕು ಅಂತಿತ್ತು. ಅದನ್ನು ಜೂಬಿಲಿ ಅಂತಾರೆ. 2025ರಲ್ಲಿ ಕ್ಯಾಥೊಲಿಕರು ಪ್ರಪಂಚದಾದ್ಯಂತ ಜೂಬಿಲಿ ವರ್ಷ ಆಚರಿಸಿದ್ದು ಅದೇ ಬೇರಿನಿಂದ ಬಂದದ್ದು. ಅದೇ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಮೈಕ್ರೋಫೈನಾನ್ಸ್ ವಸೂಲಿಯವರ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತಂದಿತು. ಸಂಘದ ಸಾಲದ ಕಂತು ಕಟ್ಟೋಕೆ ಆಗದೆ ಮನೆಗೆ ಬೀಗ ಹಾಕಿ ಹೋದವರನ್ನು ಆ ವರ್ಷ ನಾವೇ ನೋಡಿದ್ದೇವೆ. ಅಂಥ ಊರಲ್ಲಿ ದಿನಾ ಬೆಳಿಗ್ಗೆ ಹೇಳೋ ಪ್ರಾರ್ಥನೆಯಲ್ಲಿ ಸಾಲ ಅನ್ನೋ ಮಾತು ಇದೆಯೋ ಇಲ್ಲವೋ ಅನ್ನೋದು ಸಣ್ಣ ಪ್ರಶ್ನೆಯಲ್ಲ. ಅದನ್ನು ಬಿಡಿಸಿ ಹೇಳೋರು ಯಾರು?

ನಾವು ಕ್ರೈಸ್ತರಲ್ಲ. ಹಾಗಾದರೆ ನಿಮಗ್ಯಾಕೆ ಈ ಉಸಾಬರಿ ಅಂತ ಕೇಳಬಹುದು. ಒಂದು, ಆ ನಾಲ್ಕು ಸಾಲಿನ ಸಾಲ ನಮ್ಮ ಮೇಲಿದೆ. ಎರಡು, ದೊಡ್ಡವರು ಧರ್ಮ ಕಲಿಯೋದು ನಮ್ಮ ಭಾಗಕ್ಕೆ ಹೊಸದಲ್ಲ, ಹಾಗಿದ್ದೂ ಇವರು ಕೂತರೆ ಮಾತ್ರ ಫೋನ್ ಬರುತ್ತದೆ. ಶ್ರಾವಣದಲ್ಲಿ ಮಠದಾಗ ಪುರಾಣ ಹಚ್ಚುತ್ತಾರೆ, ತಿಂಗಳು ತನಕ ಊರಿಗೆ ಊರೇ ರಾತ್ರಿ ಕೂತು ಕೇಳುತ್ತದೆ. ಭಜನೆ ಮೇಳ ಬೆಳಗಿನ ಜಾವದವರೆಗೆ ನಡೆಯುತ್ತದೆ. ತತ್ವಪದ ಹಾಡಿ ಅದರ ಅರ್ಥಕ್ಕೆ ಕಟ್ಟೆ ಮೇಲೆ ವಾದ ಮಾಡೋ ಮುದುಕರು ಈಗಲೂ ಇದ್ದಾರೆ. ಮಸೀದಿಯಲ್ಲಿ ದೊಡ್ಡವರಿಗೆ ಬಯಾನ್ ನಡೆಯುತ್ತದೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಕಟ್ಟಿಗೆ ಮಾರುವವರು ಕೂತು ದೇವರ ಬಗ್ಗೆ ವಾದ ಮಾಡಿದ ನೆಲ ಇದು. ಯಾವುದನ್ನೂ ನಾವು ಗುಪ್ತ ಸಭೆ ಅಂತ ಬರೆಯೋದಿಲ್ಲ. ದುಡಿಯೋ ಮಂದಿಗೆ ರಾತ್ರಿ ಬಿಟ್ಟರೆ ಹೊತ್ತೆಲ್ಲಿದೆ?

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಶಿಲುಬೆ ಕಂಡರೆ ಎಲ್ಲ ಒಂದೇ 'ಚರ್ಚ್'. ಹಾಗಲ್ಲ. ಬೀದರ್, ಕಲಬುರಗಿ ಕಡೆ ಮೆಥಡಿಸ್ಟರು ಹಳಬರು, ಸಂಖ್ಯೆಯಲ್ಲೂ ಹೆಚ್ಚು. ತೆಲಂಗಾಣದ ಕಡೆಗೆ ಹೋದರೆ 1924ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಮೆದಕ್ ಚರ್ಚು ಸಿಎಸ್‌ಐನವರದು. ಈಚೆಗೆ ಪೆಂಟೆಕೋಸ್ಟಲ್ ಪಾಸ್ಟರ್‌ಗಳು ಬಂದಿದ್ದಾರೆ. ಕ್ಯಾಥೊಲಿಕರು ಇವರೆಲ್ಲರಿಂದ ಬೇರೆ, ಅವರಿಗೆ ರೋಮಿನ ಪೋಪ್ ಹಿರಿಯರು, ಬಿಷಪ್ಪರು, ಫಾದರ್‌ಗಳು, ಸಿಸ್ಟರ್‌ಗಳು ಇರುತ್ತಾರೆ. ನಮ್ಮ ಭಾಗಕ್ಕೆ ಪ್ರತ್ಯೇಕ ಗುಲ್ಬರ್ಗ ಧರ್ಮಕ್ಷೇತ್ರ ಆದದ್ದು 2005ರಲ್ಲಿ. ಮೊದಲ ಬಿಷಪ್ಪರು ರಾಬರ್ಟ್ ಮೈಕೆಲ್ ಮಿರಾಂಡ. ಹಾಗಂತ ಕ್ಯಾಥೊಲಿಕರು ಮೊನ್ನೆ ಬಂದವರು ಅಂತಲ್ಲ, ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಇದ್ದಾರೆ. ಆ ಕಾಲದಲ್ಲಿ ಗೋವಾದಿಂದ ಪಾದ್ರಿ ಬರಬೇಕಿತ್ತು. ಅವರು ಬಾರದ ದಿನಗಳಲ್ಲಿ ಧರ್ಮ ಉಳಿಸಿದವರು ಮನೆಯ ದೊಡ್ಡವರೇ ಇರಬೇಕು ಅಂತ ನಮಗನಿಸುತ್ತದೆ.

ಈಗ ಕಲಿಕೆಯ ಮಾತಿಗೆ ಬರೋಣ.

ಕ್ಯಾಥೊಲಿಕ್ ಮನೆಯ ಮಕ್ಕಳಿಗೆ ಭಾನುವಾರ ಪೂಜೆ ಆದ ಮೇಲೆ ಪಾಠ ಇರುತ್ತದೆ. ಸತ್ಯೋಪದೇಶ ಅಂತಾರೆ. ಪ್ರಶ್ನೆ, ಉತ್ತರ, ಬಾಯಿಪಾಠ. ಪರಮಪ್ರಸಾದ ತಗೊಳ್ಳೋ ಹೊತ್ತಿಗೆ ಒಂದಿಷ್ಟು, ದೃಢೀಕರಣದ ಹೊತ್ತಿಗೆ ಇನ್ನೊಂದಿಷ್ಟು. ಹದಿನಾಲ್ಕು ಹದಿನೈದಕ್ಕೆ ಮುಗಿಯಿತು. ಆಮೇಲೆ ಮದುವೆಗೆ ಮುಂಚೆ ಎರಡು ಮೂರು ದಿನದ ತರಬೇತಿ. ಅಲ್ಲಿಗೆ ಸರಿ. ಮಗು ಸತ್ತಾಗ, ಗಂಡ ಕುಡಿದು ಹೊಡೆದಾಗ, ಮಳೆ ಕೈಕೊಟ್ಟಾಗ, ಮಗಳು ಬೇರೆ ಜಾತಿಯವನ ಜೊತೆ ಹೋದಾಗ ಮನಸ್ಸಿಗೆ ಬರೋ ಪ್ರಶ್ನೆಗಳಿಗೆ ಹನ್ನೆರಡನೇ ವಯಸ್ಸಿನ ಬಾಯಿಪಾಠದಲ್ಲಿ ಉತ್ತರ ಎಲ್ಲಿ ಸಿಗುತ್ತದೆ? ಸಾಲಿಗೇ ಹೋಗದವರಿಗೆ ಅದೂ ಇಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದ್ದಾಗ ನಮ್ಮ ಜಿಲ್ಲೆಯದು 65ರ ಹತ್ತಿರ ಇತ್ತು. ಅದರಲ್ಲಿ ತಾಂಡಾದ ಹೆಂಗಸರ ಲೆಕ್ಕ ತೆಗೆದರೆ ಎಷ್ಟಾಗುತ್ತದೋ ನೀವೇ ಅಂದಾಜು ಮಾಡಿ.

ವಿಚಿತ್ರ ಅಂದರೆ ಕ್ಯಾಥೊಲಿಕ್ ಸಭೆಯ ಕಾಗದಪತ್ರದಲ್ಲಿ ಬರೆದಿರೋದು ಇದರ ಉಲ್ಟಾ. ಧರ್ಮೋಪದೇಶದಲ್ಲಿ ಮುಖ್ಯವಾದದ್ದು ದೊಡ್ಡವರಿಗೆ ಕೊಡುವ ಉಪದೇಶ ಅಂತ 1971ರ ಕೈಪಿಡಿಯಲ್ಲೇ ರೋಮ್ ಹೇಳಿತ್ತು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಮತ್ತೆ ಹೇಳಿದರು. 1983ರ ಸಭಾ ಕಾನೂನಿನಲ್ಲಿ 229ನೇ ನಿಯಮ ಅಂತ ಒಂದಿದೆ. ಪಾದ್ರಿಯಲ್ಲದ ಸಾಮಾನ್ಯ ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಧರ್ಮದ ಬೋಧನೆಯನ್ನು ಅವರವರ ಶಕ್ತಿಗೆ ತಕ್ಕಂತೆ ತಿಳಿಯೋದು ಕರ್ತವ್ಯ ಅಷ್ಟೇ ಅಲ್ಲ, ಹಕ್ಕು ಕೂಡ. ದೈವಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಕಲಿಯೋದೂ ಆ ಹಕ್ಕಿನಲ್ಲಿ ಸೇರಿದೆ. ಹಕ್ಕು ಅನ್ನೋ ಶಬ್ದ ನೋಡಿ. ರೇಷನ್ ಕಾರ್ಡಿನ ಹಾಗೆ ಕೇಳಿ ಪಡೆಯಬಹುದಾದದ್ದು. ನಾವು ಮಾತಾಡಿಸಿದ ಒಬ್ಬರಿಗೂ ಅಂಥದ್ದೊಂದು ಇದೆ ಅಂತ ಗೊತ್ತಿರಲಿಲ್ಲ.

ಹೊಸದಾಗಿ ಧರ್ಮಕ್ಕೆ ಬರಬೇಕು ಅನ್ನುವ ದೊಡ್ಡವರ ವಿಷಯಕ್ಕೂ ಪದ್ಧತಿ ಇದೆ. ಇದನ್ನು ಮತಾಂತರ ಅಂತ ಕೂಗುವವರೂ ಓದಬೇಕು, ಅವಸರ ಮಾಡುವ ಪಾಸ್ಟರ್‌ಗಳೂ ಓದಬೇಕು. ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ ಕೇಳಿದ ತಕ್ಷಣ ದೀಕ್ಷಾಸ್ನಾನ ಕೊಡುತ್ತಿರಲಿಲ್ಲ, ಮೂರು ವರ್ಷದ ತನಕ ಕಲಿಸಿ, ಬಾಳು ಹೇಗಿದೆ ನೋಡಿ, ಆಮೇಲೆ ಕೊಡುತ್ತಿದ್ದ ಕಡೆಗಳಿದ್ದವು. ನಡುವೆ ಆ ಪದ್ಧತಿ ಬಿಟ್ಟುಹೋಯಿತು. 1962ರಿಂದ 1965ರ ತನಕ ರೋಮಿನಲ್ಲಿ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ವಾಪಸ್ ತರಲು ಹೇಳಿತು, 1972ರಲ್ಲಿ ಅದರ ವಿಧಿಪುಸ್ತಕ ಬಂತು. ಮೊದಲು ವಿಚಾರಿಸೋ ಕಾಲ, ಆಮೇಲೆ ಕಲಿಯೋ ಕಾಲ, ಆಮೇಲೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನದ ತಯಾರಿ, ಈಸ್ಟರ್ ರಾತ್ರಿ ದೀಕ್ಷೆ, ಅದಾದ ಮೇಲೂ ಕಲಿಕೆ. ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ. ಬೇಡ ಅನ್ನಿಸಿದರೆ ನಡುವೆ ಎದ್ದು ಹೋಗಬಹುದು. ಸಾಕಷ್ಟು ಕಲಿಯದ ದೊಡ್ಡವರಿಗೆ ದೀಕ್ಷೆ ಕೊಡಬಾರದು ಅಂತ 865ನೇ ನಿಯಮ, ಮನಸ್ಸಾಕ್ಷಿಗೆ ವಿರುದ್ಧ ಯಾರನ್ನೂ ಒತ್ತಾಯಿಸಬಾರದು ಅಂತ 748ನೇ ನಿಯಮ. ಅಕ್ಕಿ ಕೊಟ್ಟು ಒಂದೇ ದಿನದಲ್ಲಿ ಧರ್ಮ ಬದಲಿಸಿದರು ಅನ್ನೋ ಆರೋಪ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇವರು ಎಷ್ಟು ತಿಂಗಳು ಕಲಿತರು? ಕಲಿಸಿದವರು ಯಾರು?

ಇಷ್ಟು ಚೆನ್ನಾಗಿ ಬರೆದಿಟ್ಟ ಪದ್ಧತಿ ಕುಂಚಾವರಂ ಕಡೆ ಯಾಕೆ ಹತ್ತೋದಿಲ್ಲ? ನಮಗೆ ತಿಳಿದ ಮಟ್ಟಿಗೆ ಮೊದಲ ತೊಡಕು ಕ್ಯಾಲೆಂಡರ್.

ತೊಗರಿ ರಾಶಿ ಆಗೋದು ಜನವರಿ ಹೊತ್ತಿಗೆ. ರಾಶಿ ಆಯಿತು ಅಂದರೆ ಗುಳೆ ಶುರು. ಮುಂಬೈ, ಪುಣೆ, ಹೈದರಾಬಾದ್, ಕಟ್ಟಡ ಕೆಲಸ, ರಸ್ತೆ ಕೆಲಸ. ತಾಂಡಾದಲ್ಲಿ ಮುದುಕರು, ಸಾಲಿ ಮಕ್ಕಳು ಬಿಟ್ಟರೆ ಯಾರೂ ಇರೋದಿಲ್ಲ. ವಾಪಸ್ ಬರೋದು ಮಿರಗ ಮಳೆ ಹೊತ್ತಿಗೆ, ಬಿತ್ತೋಕೆ. ತಪಸ್ಸುಕಾಲ ಬೀಳೋದು ಫೆಬ್ರುವರಿಯಿಂದ ಏಪ್ರಿಲ್. ಈಸ್ಟರ್ ಮಾರ್ಚ್ ಕೊನೆಗೋ ಏಪ್ರಿಲ್‌ಗೋ. ಅಂದರೆ ದೊಡ್ಡವರ ಕಲಿಕೆಗೆ ಸಭೆ ಇಟ್ಟಿರೋ ದೊಡ್ಡ ಹಬ್ಬದ ಕಾಲದಲ್ಲಿ ಊರಲ್ಲಿ ದೊಡ್ಡವರೇ ಇಲ್ಲ! ಮನೆಗೆ ಬೀಗ. ಪಾದ್ರಿ ಬಂದು ಪಾಠ ಮಾಡಿದರೂ ಕೇಳೋದು ಅಜ್ಜಿ ಒಬ್ಬಳೇ.

ರೋಮಿಗೆ ಕುಂಚಾವರಂ ತೊಗರಿ ಗೊತ್ತಿಲ್ಲ, ಅದು ಅವರ ತಪ್ಪಲ್ಲ. ಆದರೆ ಅದೇ 1972ರ ಪುಸ್ತಕದಲ್ಲಿ ಸ್ಥಳೀಯ ಅಗತ್ಯ ಇದ್ದರೆ ಮಾಮೂಲಿ ಕಾಲ ಬಿಟ್ಟು ಬೇರೆ ಕಾಲದಲ್ಲಿ ಮಾಡೋಕೆ ಅವಕಾಶ ಕೊಟ್ಟಿದ್ದಾರೆ. ಹಾಗಾದರೆ ಜೂನ್‌ನಿಂದ ದೀಪಾವಳಿ ತನಕ ಯಾಕೆ ಆಗಬಾರದು? ಮಳೆಗಾಲದ ರಾತ್ರಿ, ಕಳೆ ತೆಗೆಯೋ ಕೆಲಸ ಮುಗಿಸಿ ಉಂಡ ಮೇಲೆ. ಶ್ರಾವಣದ ಪುರಾಣ ಆ ಹೊತ್ತಿಗೇ ನಡೆಯೋದು ಸುಮ್ಮನೆ ಅಲ್ಲ. ಮಠದವರಿಗೆ ನಮ್ಮ ಹೊಲದ ಕೆಲಸದ ಲೆಕ್ಕ ಗೊತ್ತು.

ಎರಡನೇ ತೊಡಕು ಭಾಷೆ. ಅಪ್ಪು-ತಪ್ಪಿನ ಕಥೆ ಆಗಲೇ ಹೇಳಿದ್ದೇವೆ. ಕರಾವಳಿಯಿಂದಲೋ ಕೇರಳದಿಂದಲೋ ಬಂದ ಫಾದರ್ ಕಷ್ಟಪಟ್ಟು ಪುಸ್ತಕದ ಕನ್ನಡ ಕಲಿತು ಉಪದೇಶ ಮಾಡುತ್ತಾರೆ. ಕೇಳುವವರ ತಲೆಯಲ್ಲಿ ತೆಲುಗು ಓಡುತ್ತಿರುತ್ತದೆ, ತಾಂಡಾದವರ ತಲೆಯಲ್ಲಿ ಗೋರ್ ಬೋಲಿ. ಒಂದು ಸಲ ನಾವು ಹಿಂದೆ ಕೂತು ಕೇಳಿದ್ದೇವೆ. 'ರಕ್ಷಣೆ', 'ಕೃಪಾವರ', 'ಪುನರುತ್ಥಾನ' ಅನ್ನೋ ಶಬ್ದಗಳು ತಲೆಯ ಮೇಲಿಂದ ಹಾರಿಹೋದವು. ಪೂಜೆಯಲ್ಲಿ ಯಾವ ಭಾಷೆ ಅಂತ ಬೆಂಗಳೂರಿನ ಕ್ಯಾಥೊಲಿಕರು ದಶಕಗಟ್ಟಲೆ ಜಗಳ ಆಡಿದ್ದಾರೆ. ಪೂಜೆ ಕನ್ನಡದಲ್ಲೇ ಇರಲಿ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಕಲಿಕೆ ಮನೆಮಾತಿನಲ್ಲಿ ಆಗಬೇಕು. ಮೂರೂ ಬೆರೆಸಿ ಆದರೂ ಸರಿ.

ಈ ಬೇಸರದ ಸಮಸ್ಯೆ ಹಳೆಯದು. ಕ್ರಿ.ಶ. 400ರ ಹೊತ್ತಿಗೆ ಆಫ್ರಿಕಾದ ಕಾರ್ಥೇಜಿನಲ್ಲಿ ಒಬ್ಬ ಸೇವಕ ಪಾದ್ರಿ ಸಂತ ಅಗಸ್ಟೀನನಿಗೆ ದೂರು ಹೇಳಿಕೊಂಡ. ನಾನು ಹೇಳೋದು ನನಗೇ ಸಪ್ಪೆ ಅನಿಸುತ್ತದೆ, ಕೇಳುವವರು ಬೇಸರಪಡುತ್ತಾರೆ, ಏನು ಮಾಡಲಿ ಅಂತ. ಅಗಸ್ಟೀನ್ ಅದಕ್ಕೆ ಒಂದು ಇಡೀ ಪುಸ್ತಕ ಬರೆದ. ಓದಿದವನಿಗೆ ಒಂದು ಥರ ಹೇಳು, ಓದದವನಿಗೆ ಇನ್ನೊಂದು ಥರ, ನಿಂತು ಕೇಳಿ ಸುಸ್ತಾದವನಿಗೆ ಕೂರೋಕೆ ಹೇಳು ಅಂತೆಲ್ಲ ಅದರಲ್ಲಿದೆ. 1600 ವರ್ಷದ ಹಿಂದಿನ ಆ ಮುದುಕನಿಗೆ ಹೊಲದಿಂದ ಬಂದವನ ಕಾಲುನೋವು ಗೊತ್ತಿತ್ತು.

ಇತ್ತೀಚಿನದು ಬೇಕಾದರೆ ಬ್ರೆಜಿಲ್ ನೋಡಿ. 1963ರಲ್ಲಿ ಅಲ್ಲಿನ ಆಂಜಿಕೋಸ್ ಅನ್ನೋ ಬಡ ಊರಲ್ಲಿ ಪಾವ್ಲೋ ಫ್ರೇರೆ ಅನ್ನುವ ಮೇಷ್ಟ್ರು ಸುಮಾರು 300 ಕೂಲಿಕಾರರಿಗೆ 40 ಗಂಟೆಯ ಪಾಠದಲ್ಲಿ ಓದು ಬರಹ ಕಲಿಸಿದರು. ಅ ಆ ಇ ಈ ಇಂದ ಶುರು ಮಾಡಲಿಲ್ಲ. ಇಟ್ಟಿಗೆ ಥರದ, ಆ ಜನ ದಿನಾ ಬಳಸೋ ಶಬ್ದ ತಗೊಂಡು, ಅದು ಯಾರು ಮಾಡಿದ್ದು, ಯಾರ ಮನೆಗೆ ಹೋಯಿತು ಅಂತ ಮಾತಾಡಿಸುತ್ತ ಅಕ್ಷರ ಕಲಿಸಿದರು. ಆ ಮೇಷ್ಟ್ರು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಮುಂದೆ ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಬಡವರು ಸಣ್ಣ ಗುಂಪಾಗಿ ಕೂತು ಬೈಬಲ್ ಓದೋ ಪದ್ಧತಿಗೆ ಅವರ ವಿಚಾರದ ಗಾಳಿಯೂ ತಾಗಿತು. ಕುಂಚಾವರಂನಲ್ಲಿ ಅಂಥ ಶಬ್ದ ಹುಡುಕೋ ಕೆಲಸವೂ ಇಲ್ಲ. ಅಜ್ಜಿ ಆಗಲೇ ಕೊಟ್ಟಿದ್ದಾಳೆ: ಅಪ್ಪು.

ನಮ್ಮ ರಾಜ್ಯದಲ್ಲಿ ಏನೂ ಆಗಿಲ್ಲ ಅಂತಲ್ಲ. ಬೆಂಗಳೂರಿನಲ್ಲಿ 1967ರಿಂದ ಎನ್‌ಬಿಸಿಎಲ್‌ಸಿ ಅನ್ನೋ ರಾಷ್ಟ್ರಮಟ್ಟದ ಕೇಂದ್ರವಿದೆ, ಬೈಬಲ್, ಧರ್ಮೋಪದೇಶ, ಪೂಜಾವಿಧಿ ಮೂರರ ತರಬೇತಿಗೆ. ಅದನ್ನು ಕಟ್ಟಿದ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ತಮಿಳುನಾಡಿನವರು. ನಮ್ಮ ದೇಶದ ಪೂಜೆಯಲ್ಲಿ ಆರತಿ, ಎಣ್ಣೆದೀಪ, ನೆಲದ ಮೇಲೆ ಕೂರೋದು, ಕೈಮುಗಿಯೋದು ಇವಕ್ಕೆಲ್ಲ 1969ರಲ್ಲಿ ರೋಮಿನಿಂದ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಅವರ ದುಡಿಮೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗ ಬೆಳೆಸಿದವರೂ ಅವರೇ. ಸರ್ಕಾರಿ ವಿಶ್ವವಿದ್ಯಾಲಯ, ಅಲ್ಲಿ ಯಾವ ಧರ್ಮದವರೂ ಹೋಗಿ ಓದಬಹುದು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಎಲ್ಲ ಸರಿ, ಆದರೆ ಬೆಂಗಳೂರು ಎಲ್ಲಿ, ಕುಂಚಾವರಂ ಎಲ್ಲಿ. ಮೈಸೂರು ಇನ್ನೂ ಆಚೆ. ತರಬೇತಿಗೆ ಹೋಗಿ ಬರುವವರು ಫಾದರ್‌ಗಳು, ಸಿಸ್ಟರ್‌ಗಳು. ಊರಲ್ಲಿ ದಿನಾ ಕೈಗೆ ಸಿಗುವವರು ಉಪದೇಶಿಗಳು. ಕಾಯಿಲೆ ಬಿದ್ದ ಮನೆಗೆ ಮೊದಲು ಹೋಗುವವರು ಅವರು, ಹೆಣದ ಮುಂದೆ ಪ್ರಾರ್ಥನೆ ಹೇಳುವವರು ಅವರು, ಪಾದ್ರಿಯ ಕನ್ನಡವನ್ನು ತೆಲುಗಿಗೆ ತಿರುಗಿಸುವವರೂ ಅವರೇ. ನಮ್ಮ ಸ್ಟ್ರಿಂಗರ್ ಕೆಲಸದ ಥರಾನೇ, ಜವಾಬ್ದಾರಿ ಹೊರೆಯಷ್ಟು, ಕೈಗೆ ಬರೋದು ಚಿಲ್ಲರೆ. 2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಉಪದೇಶಿಯ ಕೆಲಸವನ್ನು ಸಭೆಯ ಅಧಿಕೃತ ಸೇವೆ ಅಂತ ಸಾರಿದರು. ಗಂಡಸರಿಗೂ ಹೆಂಗಸರಿಗೂ. ಆ ಪತ್ರದಿಂದ ನಮ್ಮ ಗಡಿ ಊರಿನ ಒಬ್ಬ ಹೆಣ್ಣುಮಗಳಿಗೆ ತಿಂಗಳಿಗೆ ಎರಡು ಸಲ ತರಬೇತಿ, ಬಸ್ ಚಾರ್ಜು, ನಾಲ್ಕು ಪುಸ್ತಕ ಸಿಕ್ಕರೆ ಸಾಕು, ನಾವು ಪೋಪರಿಗೆ ಕೈಮುಗಿಯುತ್ತೇವೆ. ಕಟ್ಟಡಕ್ಕೆ ದುಡ್ಡು ಹುಟ್ಟುತ್ತದೆ, ಕಲಿಸುವವರಿಗೆ ಹುಟ್ಟೋದಿಲ್ಲ. ಈ ಮಾತು ಚರ್ಚಿಗಷ್ಟೇ ಅಲ್ಲ, ಮಠ ಮಸೀದಿಗೂ ಸೇರಿಸಿ ಹೇಳುತ್ತಿದ್ದೇವೆ.

ಇನ್ನು ಕಾನೂನು. ಇದನ್ನು ಹೇಳದೆ ದೊಡ್ಡವರ ಪಾಠ ಪೂರ್ತಿ ಆಗೋದಿಲ್ಲ, ಯಾಕೆಂದರೆ ಇದನ್ನೂ ಅವರಿಗೆ ಕಲಿಸಬೇಕು.

ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರದ ಕಾಯ್ದೆ ಬಂತು. ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದು ತಿಳಿಸಬೇಕು ಅಂತ ಅದರಲ್ಲಿದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡುವ ತೀರ್ಮಾನ ತಗೊಂಡಿತು. ಬೆಂಗಳೂರಿನ ತೀರ್ಮಾನ ಏನೇ ಇರಲಿ, ಹಳ್ಳಿಯಲ್ಲಿ ಉಳಿದದ್ದು ಹೆದರಿಕೆ. ಇದ್ದ ಧರ್ಮದಲ್ಲೇ ಇರುವವರು ಕೂತು ಓದೋಕೆ ಯಾವ ಅರ್ಜಿಯೂ ಬೇಡ. ಆದರೂ "ಯಾಕ್ ಬೇಕ್ರಿ ರಗಳಿ" ಅಂತ ಮನೆಯಲ್ಲಿ ಕೂಡೋದನ್ನು ಬಿಟ್ಟವರಿದ್ದಾರೆ. ಅದರಲ್ಲಿ ನಮ್ಮಂಥವರ ನಾಲ್ಕು ಸಾಲಿನ ಪಾಲೂ ಇದೆ.

ಇನ್ನೊಂದು ಮೀಸಲಾತಿ. ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಎಸ್‌ಸಿ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರಿಗೆ ಇಲ್ಲ. ಇದು ಸರಿಯೋ ತಪ್ಪೋ ಅಂತ ನೋಡೋಕೆ 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗ ಮಾಡಿತು. ನಮ್ಮ ಅಭಿಪ್ರಾಯ ಕೇಳಿದರೆ, ಬಾವಿ ಕಟ್ಟೆಯಲ್ಲಿ ಮಾಡೋ ಜಾತಿಭೇದ ಕೊರಳಲ್ಲಿರೋ ಶಿಲುಬೆ ನೋಡಿ ನಿಲ್ಲೋದಿಲ್ಲ, ಹಾಗಾಗಿ ಮೀಸಲಾತಿಯೂ ನಿಲ್ಲಬಾರದು. ಆದರೆ ಇವತ್ತಿನ ಕಾನೂನು ಇವತ್ತಿನದು. ದೀಕ್ಷೆ ಕೇಳಿ ಬಂದ ತಾಂಡಾದ ಅಣ್ಣನಿಗೆ ಇದನ್ನು ಮೊದಲ ದಿನವೇ ಹೇಳಬೇಕು, ಮಗಳ ಹಾಸ್ಟೆಲ್ ಸೀಟು, ಸರ್ಟಿಫಿಕೇಟು ಎಲ್ಲ ಬಿಡಿಸಿ. ಹೇಳದೆ ಮುಚ್ಚಿಟ್ಟು ದೀಕ್ಷೆ ಕೊಟ್ಟರೆ ಅದು ಕಲಿಸಿದ ಹಾಗಲ್ಲ. ಕಾಗದದಲ್ಲಿ ಒಂದು, ಎದೆಯಲ್ಲಿ ಒಂದು ಇಟ್ಟುಕೊಂಡು ಬದುಕೋ ಸಂಕಟ ಎಷ್ಟು ಮನೆಯಲ್ಲಿದೆ ಅನ್ನೋದು ಗೊತ್ತಿರೋದು ಅವರಿಗೇ. ಅದರ ಬಗ್ಗೆ ಗಟ್ಟಿಯಾಗಿ ಮಾತಾಡೋಕೆ ಜಾಗ ಸಿಗೋದೂ ಇಂಥ ರಾತ್ರಿ ಕೂಟದಲ್ಲೇ.

ಸುಳ್ಳು ಹೇಳೋದಿಲ್ಲ, ದೊಡ್ಡವರು ಕಲಿತರೆ ಪಾದ್ರಿಗಳಿಗೂ ಕಷ್ಟ. ಚರ್ಚಿನ ಲೆಕ್ಕ ಕೇಳುತ್ತಾರೆ. ಸ್ಮಶಾನದಲ್ಲಿ ನಮ್ಮ ಜಾತಿಯವರಿಗೆ ಮೂಲೆ ಯಾಕೆ ಅಂತ ಕೇಳುತ್ತಾರೆ. ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಕೂಲಿಕಾರನಿಗೆ ನ್ಯಾಯವಾದ ಕೂಲಿ ಕೊಡಬೇಕು ಅಂತ ಪತ್ರ ಬರೆದದ್ದು ತಿಳಿದ ಮೇಲೆ ಶಹಾಬಾದಿನ ಕಲ್ಲುಗಣಿ ಕೆಲಸದವನು, ವಾಡಿಯ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯವನು ಅದನ್ನೇ ಹಿಡಿದು ಪ್ರಶ್ನೆ ಕೇಳಬಹುದು, ಮಿಷನ್ ಶಾಲೆಯ ಆಯಾ ಕೂಡ ಕೇಳಬಹುದು. ಕೇಳಲಿ ಬಿಡಿ.

ಈಗ ಆ ಮನೆಯ ಸುದ್ದಿ. ಮೊನ್ನೆ ಸುಗ್ಗಿ ಹೊತ್ತಿಗೆ ಕುಂಚಾವರಂ ಕಡೆ ಹೋದಾಗ ಅವ್ವ ಸಿಕ್ಕಳು. ಅಜ್ಜಿ ತೀರಿಕೊಂಡಿದ್ದಾಳೆ. ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಮಳೆಗಾಲದಲ್ಲಿ ಮತ್ತೆ ಕೂಡೋಕೆ ಶುರು ಮಾಡಿದ್ದಾರೆ, ಆರೇಳು ಮಂದಿ, ಬಾಗಿಲು ತೆಗೆದಿಟ್ಟುಕೊಂಡು. ಸೊಳ್ಳೆ ಬಹಳ ಅಂತ ನಕ್ಕಳು. ಗುಳೆ ಹೋದವರಿಗೆ ಓದಿದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿ ವಾಟ್ಸ್ಯಾಪ್‌ಗೆ ಕಳಿಸುತ್ತಾರೆ, ಅರ್ಧ ತೆಲುಗು ಅರ್ಧ ಕನ್ನಡ. ಸಾಲದ ಮಾತು ಮತ್ತಾಯ ಬರೆದದ್ದರಲ್ಲಿ ಹಾಗೇ ಇದೆ ಅಂತ ನಾವು ತಿಳಿದುಕೊಂಡದ್ದನ್ನು ಹೇಳಿದೆವು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅತ್ತಿ ಇದ್ದಾಗ ಹೇಳಿದ್ರ ಚಲೋ ಇತ್ತು," ಅಂದಳು.

ಆಮೇಲೆ ಫೋನ್ ತೆಗೆದು ಮಗ ಕಳಿಸಿದ ದನಿ ಕೇಳಿಸಿದಳು. ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಮೇಸ್ತ್ರಿಯಿಂದ ಮುಂಗಡ ತಗೊಂಡು ಹೋದವನು. ಹಿಂದೆ ಮಿಕ್ಸರ್ ಯಂತ್ರದ ಸದ್ದು. "ಯವ್ವಾ, ಆ ಪ್ರಾರ್ಥನಾದಾಗಿನ ಅಪ್ಪುದಾಗ ಮೇಸ್ತ್ರಿ ಅಡ್ವಾನ್ಸೂ ಬರ್ತದೇನು ಕೇಳು ಫಾದರ್‌ಗ." ಫಾದರ್ ಆ ಊರಿಗೆ ಬರೋದು ಇನ್ನೂ ಎರಡು ವಾರ ಇತ್ತು. ಅವ್ವ ಅದನ್ನು ಅಳಿಸದೆ ಇಟ್ಟುಕೊಂಡಿದ್ದಾಳೆ.